ಹಡಗಿನ ಮೇಲೆ ಹೆಣ್ಣು ನೋಡಿದ್ದು

ಹೆಣ್ಣು ನೋಡುವ ಶಾಸ್ತ್ರವನ್ನು ಮನೆಯಲ್ಲಿ ಮಾಡುತ್ತಾರೆ. ದೇವಸ್ಥಾನದಲ್ಲಿ ಮಾಡುತ್ತಾರೆ. ಈಚೆಗೆ ಹೋಟೆಲ್‌ಗಳಲ್ಲೂ ಮಾಡುತ್ತಾರೆ, ಇಷ್ಟವಾಗದಿದ್ದರೆ ದೋಸೆಯಾದರೂ ದಕ್ಕಿತು ಅಂತ. ಆದರೆ ಗೋವಾದ ನದಿಯಲ್ಲಿ ನಿಂತಿರುವ ಕ್ಯಾಸಿನೋ ಹಡಗಿನೊಳಗೆ, ಇಸ್ಪೀಟಿನ ಮೇಜಿನ ಮುಂದೆ ಹೆಣ್ಣು ನೋಡಿದವರು ಇಡೀ ತುಮಕೂರು ಜಿಲ್ಲೆಯಲ್ಲಿ ನಾವೇ ಇರಬೇಕು. (ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ತುಂಬ ಒಂಟಿ ಅನ್ನಿಸುತ್ತಿದೆ.)

ಹೆಣ್ಣಿನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಬರಿ ಅತ್ತೆ, ಹೆಸರು ಮಾತ್ರ ಬದಲಾಯಿಸು" ಎಂದಳು. ಬದಲಾಯಿಸಿದ್ದೇನೆ. ಸಿಂಚನಾ ಎಂದಿಟ್ಟುಕೊಳ್ಳಿ.

ಸಿಂಚನಾ ನನ್ನ ಚಿಕ್ಕಪ್ಪನ ಮಗ ಶಿವಣ್ಣನ ಒಬ್ಬಳೇ ಮಗಳು. ಶಿವಣ್ಣನ ಮನೆ ಕುಣಿಗಲ್‌ನಲ್ಲಿ. ಕೆಲಸ ಮಾರ್ಕೋನಹಳ್ಳಿ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಯಾರಿಗೂ ಎದುರು ಮಾತಾಡದ ಜೀವ. ಹಾಲಿಗೆ ನೀರು ಹಾಕಿ ತಂದವರಿಗೂ "ಇವತ್ತು ಸ್ವಲ್ಪ ತೆಳು ಕಣಣ್ಣ" ಎಂದಷ್ಟೇ ಹೇಳುವವನು.

ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದಳು. ಗೋವಾಕ್ಕೆ ಹೋದಳು. ಅಲ್ಲಿ ಹೋಟೆಲ್ ಕೆಲಸಕ್ಕಿಂತ ಕ್ಯಾಸಿನೋ ಕೆಲಸದಲ್ಲಿ ಸಂಬಳ ಚೆನ್ನಾಗಿದೆ ಅಂತ ಟ್ರೈನಿಂಗ್ ಮುಗಿಸಿ ಡೀಲರ್ ಆದಳು. ಡೀಲರ್ ಅಂದರೆ ಜೂಜಿನ ಮೇಜಿನ ಆಚೆ ನಿಂತು ಇಸ್ಪೀಟೆಲೆ ಹಾಕುವವರು. ಕ್ಯಾಸಿನೋ ಹಡಗಿನಲ್ಲಿತ್ತು. ಶಿವಣ್ಣ ಆ ವಾಕ್ಯದಲ್ಲಿ ಕ್ಯಾಸಿನೋವನ್ನು ನುಂಗಿ ಹಡಗನ್ನು ಮಾತ್ರ ಉಳಿಸಿಕೊಂಡ. "ಮಗಳು ಶಿಪ್‌ನಲ್ಲಿ ಅವ್ಳೆ" ಎನ್ನುತ್ತಿದ್ದ.

ಕುಣಿಗಲ್ ಜನ ಅದನ್ನು ನೇವಿ ಮಾಡಿಕೊಂಡರು.

ಶಿವಣ್ಣ ತಿದ್ದಲಿಲ್ಲ. ಬೀದಿಯ ಶಾಲೆಯವರು ಸ್ವಾತಂತ್ರ್ಯ ದಿನಾಚರಣೆಗೆ ಕರೆದು, ದೇಶ ಕಾಯುವ ಹೆಣ್ಣುಮಗಳ ತಂದೆ ಅಂತ ಶಾಲು ಹೊದಿಸಿದರು. ಹಾರವನ್ನೂ ಹಾಕಿದರು.

"ಬೇಡ ಅನ್ನಬಾರದಾಗಿತ್ತೇನೋ ಶಿವಣ್ಣ?" ಎಂದೆ ಫೋನಿನಲ್ಲಿ.

"ಟೈಮೇ ಕೊಡ್ಲಿಲ್ಲ ಅಕ್ಕ. ಹೆಸ್ರು ಕರುದ್ರು, ಎದ್ದೋದೆ, ಹೊದುಸ್ಬುಟ್ರು."

ಸಿಂಚನಾಗೆ ಇದು ತಿಳಿದು ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಳು. ಅವಳಿಗೆ ತನ್ನ ಕೆಲಸದ ಬಗ್ಗೆ ನಾಚಿಕೆಯಿರಲಿಲ್ಲ. ಅಪ್ಪನಿಗೆ ಇದೆಯಲ್ಲ ಎಂಬುದೇ ಅವಳ ಸಿಟ್ಟು.

ಹೀಗಿರುವಾಗ ಗುಬ್ಬಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಪ್ರದೀಪ. ನಿಟ್ಟೂರಿನಲ್ಲಿ ಟೂ ವೀಲರ್ ಶೋರೂಂ ಇಟ್ಟಿದ್ದಾನೆ. ತಂದೆ ಇಲ್ಲ. ಮನೆಯ ಯಜಮಾನಿಕೆಯೆಲ್ಲ ದೊಡ್ಡಪ್ಪ ರುದ್ರಪ್ಪನವರದು. ಇವರು ತಾಲ್ಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಬಿಳಿ ಪಂಚೆ, ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಸಹಿ ಹಾಕುವ ಅಧಿಕಾರ ಹೋದರೂ ಪೆನ್ನು ಹೋಗಿರಲಿಲ್ಲ.

ಕುಣಿಗಲ್‌ಗೂ ಗುಬ್ಬಿಗೂ ನಡುವೆ ತುಮಕೂರು. ಹಾಗಾಗಿ ನಮ್ಮ ಮನೆಯಲ್ಲೇ ಹೆಣ್ಣು ತೋರಿಸುವುದು ಎಂದಾಯಿತು. ನಾನು ಕೇಸರಿಬಾತು, ಉಪ್ಪಿಟ್ಟು ಮಾಡಿದೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ರುದ್ರಪ್ಪನವರು ಕೆಲಸದ ವಿಷಯ ಎತ್ತಿದರು.

"ಹುಡುಗಿ ಏನ್ ಕೆಲಸದಲ್ಲವ್ಳೆ ಅಂದ್ರಿ?"

"ಶಿಪ್‌ನಲ್ಲಿ..." ಎಂದು ಶಿವಣ್ಣ ಶುರುಮಾಡಿದ.

"ಡೀಲರ್, ಅಂಕಲ್" ಎಂದಳು ಸಿಂಚನಾ.

ರುದ್ರಪ್ಪನವರ ಮುಖ ಅರಳಿತು. "ಡೀಲರ್ರಾ? ನಮ್ ಪ್ರದೀಪನೂ ಡೀಲರೇ. ಸಬ್ ಡೀಲರ್. ನಿಂದು ಯಾವ ಕಂಪನಿದಮ್ಮ?"

"ಕಾರ್ಡ್ ಡೀಲರ್."

"ಸಿಮ್ ಕಾರ್ಡಾ?"

"ಇಸ್ಪೀಟ್ ಕಾರ್ಡ್ ಅಂಕಲ್. ಕ್ಯಾಸಿನೋದಲ್ಲಿ. ಜನ ಆಡ್ತಾರೆ, ನಾನು ಎಲೆ ಹಾಕ್ತೀನಿ."

ರುದ್ರಪ್ಪನವರ ಕೇಸರಿಬಾತಿನ ಚಮಚ ಗಾಳಿಯಲ್ಲೇ ನಿಂತಿತು. ಶಿವಣ್ಣ ಫ್ಯಾನ್ ನೋಡತೊಡಗಿದ. ಪ್ರದೀಪ ಮಾತ್ರ ಮೊದಲ ಸಲ ತಲೆಯೆತ್ತಿ ಹುಡುಗಿಯನ್ನು ಸರಿಯಾಗಿ ನೋಡಿದ. ಅವನ ಮುಖದಲ್ಲಿ ಇದ್ದದ್ದು ಗಾಬರಿಯಲ್ಲ, ಕುತೂಹಲ.

"ಅಂದ್ರೆ ಜೂಜು" ಎಂದರು ರುದ್ರಪ್ಪನವರು.

"ಹೂಂ."

ನನಗೆ ಸುಮ್ಮನಿರಲಾಗಲಿಲ್ಲ. ರುದ್ರಪ್ಪನವರು ದಿನಾ ಸಂಜೆ ಗುಬ್ಬಿಯ ಕ್ಲಬ್ಬಿನಲ್ಲಿ ಎಲೆ ಹಿಡಿದು ಕೂರುತ್ತಾರೆಂದು ಸಂಬಂಧ ತಂದವರೇ ಹೇಳಿದ್ದರು. ಒಳ್ಳೆಯ ಗುಣಗಳ ಸಾಲಿನಲ್ಲೇ ಹೇಳಿದ್ದರು: ಕುಡಿಯಲ್ಲ, ಸೇದಲ್ಲ, ಸಾಯಂಕಾಲ ಕ್ಲಬ್ ಒಂದು ಬಿಟ್ಟರೆ ಮನೆ.

"ನೀವೂ ಕ್ಲಬ್‌ನಲ್ಲಿ ಆಡ್ತೀರಂತಲ್ಲ?" ಎಂದೆ.

"ಅದು ಬೇರೆ ಮೇಡಂ. ಅದು ಮೈಂಡ್ ಗೇಮು. ಆಡ್ತಿದ್ರೆ ಮರೆವಿನ ಕಾಯಿಲೆ ಬರಲ್ಲ ಅಂತ ಡಾಕ್ಟ್ರೇ ಹೇಳವ್ರೆ."

(ಯಾವ ಡಾಕ್ಟರು ಎಂದು ಕೇಳಲಿಲ್ಲ. ಅವರೂ ಅದೇ ಕ್ಲಬ್ಬಿನ ಮೆಂಬರ್ ಇರಬೇಕು.)

ನಮ್ಮ ಸಮಾಜದ ಲೆಕ್ಕ ನೋಡಿ. ಎಲೆ ಎತ್ತುವ ಗಂಡಸು ಟೈಂ ಪಾಸ್ ಮಾಡುತ್ತಿದ್ದಾನೆ. ಅದೇ ಎಲೆಯನ್ನು ಹಾಕಿ ಸಂಬಳ ತರುವ ಹೆಣ್ಣು ಮನೆತನದ ಮರ್ಯಾದೆ ಕಳೆಯುತ್ತಿದ್ದಾಳೆ. ತೋಟದಲ್ಲಿ ಟವಲ್ ಹಾಸಿಕೊಂಡು ಅಂದರ್ ಬಾಹರ್ ಆಡಿದರೆ ಪೊಲೀಸ್ ಜೀಪು ಬರುತ್ತದೆ, ಮಾರನೇ ದಿನ ಪೇಪರಿನ ಮೂಲೆಯಲ್ಲಿ ಹೆಸರು ಬರುತ್ತದೆ. ಅದನ್ನೇ ಹಡಗಿನಲ್ಲಿ ಆಡಿದರೆ ವೆಲ್ಕಮ್ ಡ್ರಿಂಕ್ ಬರುತ್ತದೆ. ವ್ಯತ್ಯಾಸ ಎಲ್ಲಿದೆ? ಟವಲ್‌ನಲ್ಲಿ ಅನ್ನಿಸುತ್ತದೆ.

ಅಂದು ಮಾತು ಅಲ್ಲಿಗೇ ಮುರಿಯಬೇಕಿತ್ತು. ಮುರಿಯಲಿಲ್ಲ. ಕಾರಣ ಪ್ರದೀಪ. ಅವನಿಗೆ ಹುಡುಗಿ ಇಷ್ಟವಾಗಿಬಿಟ್ಟಿದ್ದಳು. ನಂಬರ್ ತೆಗೆದುಕೊಂಡ. ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ಕೆಲವು ವಾರದ ಮೇಲೆ ಸಿಂಚನಾಳನ್ನು ಕೇಳಿದೆ.

"ಹೆಂಗೆ ಹುಡುಗ?"

"ಪರವಾಗಿಲ್ಲ ಅತ್ತೆ. ನಾನು ಹೇಳೋದನ್ನ ಕೇಳಿಸ್ಕೋತಾರೆ."

ಅವಳ ದನಿಯಲ್ಲಿ ನಗು ಇತ್ತು. ನಾನು ಮನಸ್ಸಿನಲ್ಲೇ ಛತ್ರ ಬುಕ್ ಮಾಡಿಬಿಟ್ಟೆ.

ರುದ್ರಪ್ಪನವರದು ಮಾತ್ರ ಒಂದೇ ಹಟ. "ಆ ಜಾಗ ಎಂಥದು ಅಂತ ನಾನು ಕಣ್ಣಾರೆ ನೋಡ್ದೆ ಒಪ್ಪಲ್ಲ." ಇದನ್ನು ಅವರು ತುಂಬ ಬೇಸರದಿಂದ, ಕರ್ತವ್ಯಕ್ಕೆ ಕಟ್ಟುಬಿದ್ದವರ ಹಾಗೆ ಹೇಳಿದರು. ಆಮೇಲೆ ಅದೇ ಉಸಿರಿನಲ್ಲಿ, ಗೋವಾಕ್ಕೆ ಯಾವ ರೈಲು ಒಳ್ಳೆಯದು ಅಂತಲೂ ಹೇಳಿದರು.

ಸಿಂಚನಾ ಒಪ್ಪಿದಳು. "ಬರ್ಲಿ. ಎಲ್ಲರ ಹಾಗೆ ಟಿಕೆಟ್ ತಗೊಂಡು ಬರ್ಲಿ. ನಾನು ಡ್ಯೂಟೀಲಿರ್ತೀನಿ, ಮಾತಾಡ್ಸೋಕಾಗಲ್ಲ" ಎಂದಳು. ಅವಳ ತಾಯಿಗೆ ಹಡಗು ಎಂದರೆ ಕೂತಲ್ಲೇ ತಲೆ ಸುತ್ತು. ಹಾಗಾಗಿ ಹೆಣ್ಣಿನ ಕಡೆ ಹೆಂಗಸಾಗಿ ನಾನು ಹೊರಟೆ. ಶಿವಣ್ಣ, ರುದ್ರಪ್ಪನವರು, ಪ್ರದೀಪ, ನಾನು. ನಾಲ್ವರೂ ತುಮಕೂರಿನಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ರುದ್ರಪ್ಪನವರು ಜೂಜಿನಿಂದ ಹಾಳಾದ ಮನೆತನಗಳ ಕತೆ ಹೇಳಿದರು. ಒಂದೊಂದು ಮನೆಯಲ್ಲೂ ಯಾವ ಎಲೆ ಬಿದ್ದು ಹಾಳಾಯಿತು ಎಂಬುದೂ ಅವರಿಗೆ ಗೊತ್ತಿತ್ತು.

ಮಾರನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಪಣಜಿಯ ನದಿ ದಂಡೆಯಲ್ಲಿದ್ದೆವು. ಮೊದಲ ತಕರಾರು ಅಲ್ಲೇ ಎದ್ದಿತು. ಕೌಂಟರಿನ ಹುಡುಗಿ ರುದ್ರಪ್ಪನವರ ಪಂಚೆ, ಚಪ್ಪಲಿ ನೋಡಿ ನಯವಾಗಿ ತಲೆಯಾಡಿಸಿದಳು. ಡ್ರೆಸ್ ಕೋಡ್. ಚಪ್ಪಲಿ ಹಾಕಿದ ಗಂಡಸರನ್ನು ಒಳಗೆ ಬಿಡುವಂತಿಲ್ಲ, ಪ್ಯಾಂಟು ಕಡ್ಡಾಯ.

"ವಿಧಾನಸೌಧಕ್ಕೇ ಪಂಚೇಲಿ ಹೋಗಿದೀನಿ" ಎಂದರು ರುದ್ರಪ್ಪನವರು.

ನಾನು ಅಂದುಕೊಂಡೆ, ಸರಿ, ಇಲ್ಲಿಂದಲೇ ವಾಪಸ್ಸು. ಅಷ್ಟು ವರ್ಷ ತಾಲ್ಲೂಕು ಕಚೇರಿಗೂ ಪಂಚೆಯಲ್ಲೇ ಹೋದ ಮನುಷ್ಯ. ಆದರೆ ಅವರು ಹತ್ತಿರದ ಅಂಗಡಿಗೆ ಹೋಗಿ ಕಪ್ಪು ಪ್ಯಾಂಟು, ಶೂ ಕೊಂಡು ಹಾಕಿಕೊಂಡು ಬಂದರು. ಎಷ್ಟು ಬೇಗ ಬಂದರೆಂದರೆ ಪ್ರದೀಪ ಟಿಕೆಟ್‌ಗೆ ಇನ್ನೂ ಕ್ಯೂನಲ್ಲೇ ಇದ್ದ.

ಟಿಕೆಟ್ ಅಂದರೆ ಬರೀ ಟಿಕೆಟ್ ಅಲ್ಲ. ಪ್ಯಾಕೇಜ್. ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ, ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ ಕಟ್ಟುವ ಹಾಗೆ. ಜೊತೆಗೆ ಆಡಲಿಕ್ಕೆ ಒಂದಿಷ್ಟು ಚಿಪ್ಸ್. (ಆಲೂಗಡ್ಡೆಯದಲ್ಲ. ಹಣದ ಬದಲಿಗೆ ಮೇಜಿನ ಮೇಲೆ ಇಡುವ ಬಿಲ್ಲೆಗಳು.) ಈ ಚಿಪ್ಸ್ ವಾಪಸ್ ಕೊಟ್ಟರೆ ದುಡ್ಡು ಸಿಗುವುದಿಲ್ಲ, ಆಡಿಯೇ ಮುಗಿಸಬೇಕು. ಊಟ ಫ್ರೀ, ಕುಡಿಯುವುದು ಫ್ರೀ, ಡ್ಯಾನ್ಸ್ ಫ್ರೀ. ನಾವು ಟಿಕೆಟ್‌ಗೆ ಕೊಟ್ಟ ಹಣದಲ್ಲೇ ಇದೆಲ್ಲ ಫ್ರೀ ಎಂಬುದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ನಾವು ಬಕೆಟ್ ಫ್ರೀ ಎಂದು ಸೋಪಿನ ಪುಡಿ ಕೊಂಡವರಲ್ಲವೇ?

ಸಣ್ಣ ದೋಣಿಯಲ್ಲಿ ಕೂರಿಸಿ ಹಡಗಿಗೆ ಬಿಟ್ಟರು. ಹಡಗು ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ನಿಂತಿರುತ್ತದೆ. ಸಾಗುವುದೆಲ್ಲ ಒಳಗಿರುವವರ ಜೇಬಿನಿಂದ.

ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಕಾಲು ಹೂತುಹೋಗುವಂಥ ಕಾರ್ಪೆಟ್. ಮೈ ನಡುಗುವ ಎ.ಸಿ. ಎಲ್ಲೆಲ್ಲೂ ಹಳದಿ ಬೆಳಕು. ಕಿಟಕಿ ಇಲ್ಲ. ಗೋಡೆ ಗಡಿಯಾರ ಇಲ್ಲ. ಹೊರಗೆ ಬಿಸಿಲೋ ಕತ್ತಲೋ ಗೊತ್ತಾಗುವುದಿಲ್ಲ. ಮೇಜಿನಿಂದ ಮೇಜಿಗೆ ತಟ್ಟೆ ಹಿಡಿದ ಹುಡುಗರು ಕಬಾಬು, ಪನೀರು, ಜ್ಯೂಸು ಹಂಚುತ್ತಾ ತಿರುಗುತ್ತಾರೆ. ಆಟ ಬಿಟ್ಟು ಏಳಲು ನಿಮಗೆ ಹಸಿವಿನ ನೆಪವೂ ಉಳಿಯುವುದಿಲ್ಲ. ಯಾರಾದರೂ ಬಂದು "ಊಟ ಆಯ್ತಾ ಸರ್?" ಅಂತ ಕೇಳುತ್ತಲೇ ಇರುತ್ತಾರೆ. ನಮ್ಮ ಕಡೆ ಮದುವೆ ಮನೆಯಲ್ಲೂ ಇಷ್ಟು ಕೇಳುವುದಿಲ್ಲ.

ಒಂದು ಮೂಲೆಯಲ್ಲಿ ಗಾಜಿನ ಗೋಡೆಯ ಕೋಣೆ. ಒಳಗೆ ಜಾರುಬಂಡೆ, ಬಣ್ಣದ ಚೆಂಡು, ಹತ್ತಾರು ಮಕ್ಕಳು, ನೋಡಿಕೊಳ್ಳಲು ಇಬ್ಬರು ಆಯಾಗಳು. ಶಿವಣ್ಣ ಅಲ್ಲೇ ನಿಂತುಬಿಟ್ಟ.

"ಅಕ್ಕ, ಈ ಕೂಸುಗಳ ಅಪ್ಪ ಅಮ್ಮ ಎಲ್ಲಿ?"

"ಒಳಗೆ ಆಡ್ತಿರ್ತಾರೆ ಕಣೋ."

"ಮಕ್ಳೂ ಆಡ್ತಾವೆ, ಅವ್ರೂ ಆಡ್ತಾರೆ. ಮನೆಗೆ ಕರ್ಕೊಂಡೋಗೋರು ಯಾರು?" ಎಂದ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಬಟನ್ ಒತ್ತಿದರೆ ಚಿತ್ರಗಳು ಗಿರಗಿರ ತಿರುಗುವ ಯಂತ್ರವೊಂದರ ಮುಂದೆ ಕೂತೆ. ಸುಮ್ಮನೆ ಒತ್ತಿದೆ. ಯಂತ್ರ ಗಂಟೆ ಬಾರಿಸಿತು, ದೀಪ ಹಚ್ಚಿತು, ನನ್ನ ಹೆಸರಿನಲ್ಲೇ ಜಾತ್ರೆ ಮಾಡಿತು. ಗೆದ್ದಿದ್ದೆ. ಇಷ್ಟು ವರ್ಷ ಅಂಕಣ ಬರೆದರೂ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ. ನನ್ನಲ್ಲಿ ಏನೋ ವಿಶೇಷವಿದೆ ಅನ್ನಿಸಿತು. ಮತ್ತೆ ಒತ್ತಿದೆ. ಮತ್ತೆ. ಗೆದ್ದದ್ದೂ ಹೋಗಿ, ತಂದದ್ದೂ ಹೋಗಿ, ಯಂತ್ರ ಮೌನವಾದಾಗ ನನಗೆ ಬಂದದ್ದು ವಿವೇಕವಲ್ಲ, ಸಿಟ್ಟು. ಇನ್ನೊಂದು ಸಲ ಕೊಟ್ಟಿದ್ದರೆ ಬರುತ್ತಿತ್ತು ಅಂತ.

ಅಷ್ಟರಲ್ಲಿ ಪ್ರದೀಪ ಬಂದು "ಆಂಟಿ, ದೊಡ್ಡಪ್ಪ ಕೂತ್ಬುಟ್ರು" ಎಂದ.

ಅಂದರ್ ಬಾಹರ್ ಮೇಜು. ಹೌದು, ನಮ್ಮ ತೋಟದ ಅಂದರ್ ಬಾಹರೇ. ಮೊದಲು ಒಂದು ಎಲೆ ಬಿಚ್ಚಿಡುತ್ತಾರೆ. ಆಮೇಲೆ ಒಳಗೊಂದು ಹೊರಗೊಂದು ಎಲೆ ಹಾಕುತ್ತಾ ಹೋಗುತ್ತಾರೆ. ಅದೇ ನಂಬರಿನ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಗೆ ಕಟ್ಟಿದವರು ಗೆದ್ದರು. ಬುದ್ಧಿ ಬೇಡ, ಲೆಕ್ಕ ಬೇಡ. (ಮರೆವಿನ ಕಾಯಿಲೆಗೂ ಇದಕ್ಕೂ ಏನು ಸಂಬಂಧವೋ ಆ ಡಾಕ್ಟರನ್ನೇ ಕೇಳಬೇಕು.)

"ಐದ್ ನಿಮಿಷ ಮೇಡಂ" ಎಂದರು ರುದ್ರಪ್ಪನವರು ನನ್ನತ್ತ ತಿರುಗದೆ. "ಪದ್ಧತಿ ಹೆಂಗೈತೆ ಅಂತ ನೋಡ್ಬೇಕಲ್ಲ."

ಪದ್ಧತಿಯನ್ನು ಅವರು ಬಹಳ ಹೊತ್ತು ನೋಡಿದರು. ಅವರ ಹೆಸರನ್ನು ಯಾರೋ ಕೇಳಿ ಬರೆದುಕೊಂಡಿದ್ದರು. "ರುದ್ರಪ್ಪ ಸರ್, ಜ್ಯೂಸ್? ರುದ್ರಪ್ಪ ಸರ್, ಕುಷನ್ ಬೇಕಾ?" ಅಂತ ಕೇಳುತ್ತಿದ್ದರು. ನಾನು ನೋಡುತ್ತಾ ನಿಂತೆ. ಗುಬ್ಬಿಯಲ್ಲಿ ಅವರನ್ನು ಸರ್ ಅನ್ನುತ್ತಿದ್ದವರು ನಿವೃತ್ತಿಯ ಮಾರನೇ ದಿನವೇ ನಿಲ್ಲಿಸಿದ್ದರು. ಇಲ್ಲಿ ಕೋಟು ಹಾಕಿದವರೆಲ್ಲ ಅವರಿಗೆ ಬಾಗಿ ಮಾತಾಡುತ್ತಿದ್ದರು. ಕ್ಯಾಸಿನೋ ಮಾರುವ ಸರಕುಗಳಲ್ಲಿ ಇದೂ ಒಂದು. ಮೆನುವಿನಲ್ಲಿ ಬರೆದಿರುವುದಿಲ್ಲ ಅಷ್ಟೇ.

ಡೀಲರ್ ಬದಲಾಗುವ ಸಮಯವಾಯಿತು. ಇಲ್ಲಿ ಒಬ್ಬರೇ ಒಂದೇ ಮೇಜಿನಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಅಲ್ಲಿದ್ದ ಹುಡುಗ ಕೈ ತಟ್ಟಿ, ಎರಡೂ ಅಂಗೈಗಳನ್ನು ಮೇಲಿನ ಕ್ಯಾಮೆರಾಕ್ಕೆ ತೋರಿಸಿ, ಏನೂ ಎತ್ತಿಕೊಂಡಿಲ್ಲ ಎಂದು ಖಾತ್ರಿ ಕೊಟ್ಟು ಹೊರಟ. ಅವನ ಜಾಗಕ್ಕೆ ಬಂದವಳು ಸಿಂಚನಾ.

ಜೇಬಿಲ್ಲದ ಕಪ್ಪು ಯೂನಿಫಾರ್ಮು. ಎತ್ತಿ ಕಟ್ಟಿದ ಕೂದಲು. ನಮ್ಮ ಮನೆಯಲ್ಲಿ ಸೀರೆಯುಟ್ಟು ಕಾಫಿ ಕೊಟ್ಟವಳಿಗಿಂತ ಈ ಹುಡುಗಿ ಅರ್ಧ ಅಡಿ ಎತ್ತರ ಕಂಡಳು. ಶಿವಣ್ಣ ನನ್ನ ಪಕ್ಕ ಬಂದು ನಿಂತಿದ್ದ. ಮಗಳನ್ನು ಈ ವೇಷದಲ್ಲಿ ಅವನು ನೋಡಿದ್ದು ಅದೇ ಮೊದಲು.

ಅವಳು ಕೂತವರನ್ನು ನೋಡಿದಳು. ರುದ್ರಪ್ಪನವರ ಹಿಂದೆ ನಿಂತಿದ್ದ ಪ್ರದೀಪನನ್ನು ನೋಡಿದಳು. ಎಲೆ ಮುಟ್ಟಲಿಲ್ಲ. ಕೈಯೆತ್ತಿ ಸೂಪರ್‌ವೈಸರ್‌ನನ್ನು ಕರೆದಳು.

ರುದ್ರಪ್ಪನವರ ಕಣ್ಣು ಮೇಜಿನ ಮೇಲೆಯೇ ಇತ್ತು. ಹೆಣ್ಣು ನೋಡಲೆಂದು ರೈಲು ಹತ್ತಿ, ಪಂಚೆ ಬಿಚ್ಚಿ, ನದಿ ದಾಟಿ ಬಂದ ಮನುಷ್ಯ ಎದುರಿಗೆ ನಿಂತ ಹೆಣ್ಣಿನ ಮುಖ ನೋಡಲಿಲ್ಲ. ಅವಳ ಕೈ ಯಾಕೆ ಓಡುತ್ತಿಲ್ಲ ಅಂತ ಮಾತ್ರ ನೋಡಿದರು.

"ಹಾಕಮ್ಮ, ಹಾಕು" ಎಂದರು ಕನ್ನಡದಲ್ಲೇ. ಆಮೇಲೆ ತಮ್ಮಷ್ಟಕ್ಕೆ, "ಯಾರೋ ದರಿದ್ರದವ್ಳು ಬಂದ್ಲು. ಚೆನ್ನಾಗ್ ಓಡ್ತಿತ್ತು, ನಿಲ್ಸ್‌ಬುಟ್ಲು" ಎಂದು ಗೊಣಗಿದರು.

ಸಿಂಚನಾಳ ಮುಖ ಕದಲಲಿಲ್ಲ. ಅದಕ್ಕೂ ಟ್ರೈನಿಂಗ್ ಕೊಟ್ಟಿರುತ್ತಾರೆ ಅಂತ ಕಾಣುತ್ತದೆ. ಪಕ್ಕದಲ್ಲಿದ್ದ ಶಿವಣ್ಣನ ಉಸಿರು ಮಾತ್ರ ನನಗೆ ಕೇಳಿಸಿತು.

ಸೂಪರ್‌ವೈಸರ್ ಬಂದ. ಅವಳು ಇಂಗ್ಲಿಷಿನಲ್ಲಿ, ಈ ಮೇಜಿನಲ್ಲಿ ನನಗೆ ಗೊತ್ತಿರುವವರು ಕೂತಿದ್ದಾರೆ ಎಂದಳು. ಅವನು ರುದ್ರಪ್ಪನವರ ಕಡೆ ತಿರುಗಿ ವಿನಯವಾಗಿ ಕೇಳಿದ, "ಸರ್, ಈಕೆ ನಿಮ್ಮ ಸಂಬಂಧಿಕರಾ?" ಸಂಬಂಧಿಕರಿಗೆ ಎಲೆ ಹಾಕುವಂತಿಲ್ಲ ಎಂಬುದು ಅಲ್ಲಿಯ ರೂಲ್ಸು. ಹೌದೆಂದರೆ ಆಟ ನಿಲ್ಲಿಸಿ ಬೇರೆ ಡೀಲರ್ ಬರುವವರೆಗೂ ಕಾಯಬೇಕು, ಇಲ್ಲವೇ ಬೇರೆ ಮೇಜಿಗೆ ಹೋಗಬೇಕು.

ಆಗ ರುದ್ರಪ್ಪನವರು ತಲೆಯೆತ್ತಿದರು. ಯಾರೆಂದು ಗೊತ್ತಾಯಿತು. ಮುಖ ಕೆಂಪಾಯಿತು. ಕಣ್ಣು ಒಮ್ಮೆ ಹುಡುಗಿಯ ಕಡೆ ಹೋಯಿತು, ಒಮ್ಮೆ ಬಾಹರ್ ಕಡೆಗೆ ಇಟ್ಟಿದ್ದ ಚಿಪ್ಸ್ ಕಡೆ ಹೋಯಿತು. ಪಾಪ, ಮನುಷ್ಯನಿಗೆ ಎರಡೇ ಕಣ್ಣು.

"ನೋ ನೋ" ಎಂದರು. "ನೋ ರಿಲೇಷನ್ ಸರ್. ಪ್ಲೀಸ್ ಕಂಟಿನ್ಯೂ."

ಸೂಪರ್‌ವೈಸರ್ ಅಷ್ಟಕ್ಕೇ ಒಪ್ಪಲಿಲ್ಲ. ಸಿಂಚನಾಳ ಕಡೆ ತಿರುಗಿದ. ಸಿಂಚನಾ ಪ್ರದೀಪನ ಕಡೆ ನೋಡಿದಳು.

ನಾವೆಲ್ಲ ಪ್ರದೀಪನ ಕಡೆ ನೋಡಿದೆವು. ಅವನ ಕೈ ದೊಡ್ಡಪ್ಪನ ಕುರ್ಚಿಯ ಮೇಲಿತ್ತು. ಬಾಯಿ ಸ್ವಲ್ಪ ತೆರೆಯಿತು. ದೊಡ್ಡಪ್ಪನ ನೆತ್ತಿ ನೋಡಿದ. ಆಮೇಲೆ ಕಾರ್ಪೆಟ್ ನೋಡಿದ. ಅಷ್ಟೊಂದು ನೋಡುವಂಥದ್ದು ಆ ಕಾರ್ಪೆಟ್‌ನಲ್ಲಿ ಏನೂ ಇರಲಿಲ್ಲ.

ಮುಂದೆ ಹೋದವನು ಶಿವಣ್ಣ. ಹಾಲಿಗೆ ನೀರು ಹಾಕಿದವರನ್ನೂ ಗದರದ ಶಿವಣ್ಣ, ಮೇಜಿನ ಅಂಚಿಗೆ ಹೋಗಿ, ತನಗೆ ಬರುವ ಅಷ್ಟು ಇಂಗ್ಲಿಷನ್ನೂ ಒಟ್ಟುಗೂಡಿಸಿ, "ಸರ್, ಐ ಯಾಮ್ ಫಾದರ್. ಷೀ ಮೈ ಡಾಟರ್" ಎಂದ.

ಸೂಪರ್‌ವೈಸರ್ ನಕ್ಕ. "ನೀವು ಆಡ್ತಿಲ್ಲವಲ್ಲ ಸರ್, ತೊಂದರೆಯಿಲ್ಲ" ಎಂದು ಕೈ ಕುಲುಕಿದ. "ತುಂಬ ಒಳ್ಳೆಯ ಕೆಲಸಗಾರ್ತಿ ನಿಮ್ಮ ಮಗಳು" ಎಂದೂ ಹಿಂದಿಯಲ್ಲಿ ಹೇಳಿದ. ಶಿವಣ್ಣನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕುಲುಕಿದ ಕೈಯನ್ನು ಮಾತ್ರ ಬಿಡಲೇ ಇಲ್ಲ. ಸಿಂಚನಾಳ ಮುಖ ಆಗ ಒಂದು ಕ್ಷಣ ಕದಲಿತು. ಟ್ರೈನಿಂಗ್ ಅಷ್ಟೂ ಕೈಕೊಟ್ಟಿತು.

"ಉಳಿದವರು?" ಎಂದು ಕೇಳಿದ ಸೂಪರ್‌ವೈಸರ್.

"ನಮ್ಮೂರ ಕಡೆಯವರು ಸರ್, ಅಷ್ಟೇ" ಎಂದಳು.

ಆಟ ಮುಂದುವರಿಯಿತು. ಎಲೆ ಬಾಹರ್ ಕಡೆ ಬಿತ್ತು. ರುದ್ರಪ್ಪನವರು ಗೆದ್ದರು. ಸಿಂಚನಾ ಚಿಪ್ಸ್ ಅವರ ಕಡೆ ತಳ್ಳಿ, "ಕಂಗ್ರಾಜುಲೇಷನ್ಸ್ ಸರ್" ಎಂದಳು. ಅವತ್ತು ಅವರು ಕೊನೆಯದಾಗಿ ಗೆದ್ದದ್ದು ಅದೇ. ಆಮೇಲೆ ಅವರು ಎದ್ದದ್ದು ಏಳಬೇಕು ಎಂದಲ್ಲ, ಮೇಜಿನ ಮೇಲೆ ಇಡಲು ಏನೂ ಉಳಿಯಲಿಲ್ಲ ಎಂದು.

ಹೊರಗೆ ಬಂದರೆ ಸೂರ್ಯ ಮುಳುಗುತ್ತಿದ್ದ. ಒಳಗಿದ್ದಾಗ ಗೊತ್ತೇ ಆಗಿರಲಿಲ್ಲ. ದೋಣಿ ಹತ್ತಿದೆವು. ದಂಡೆಗೆ ಬಂದ ಮೇಲೆ ರುದ್ರಪ್ಪನವರೇ ಗಂಟಲು ಸರಿಮಾಡಿಕೊಂಡರು.

"ಭಾರಿ ಕಟ್ಟುನಿಟ್ಟಿನ ಜಾಗ ಮೇಡಂ. ಕ್ಯಾಮ್ರಾ ಅಂತೆ, ರೂಲ್ಸ್ ಅಂತೆ. ಹುಡುಗಿ ಬಗ್ಗೆ ನಮ್ಗೇನೂ ಅನುಮಾನ ಇಲ್ಲ. ಮದ್ವೆ ಆದ್ಮೇಲೆ ಕೆಲಸ ಬುಟ್ರೆ ಆಯ್ತು. ಮಾತು ಮುಂದುವರಿಸೋಣ."

ಅಂದರೆ, ಪರೀಕ್ಷೆಯಲ್ಲಿ ಪಾಸಾದದ್ದು ಹುಡುಗಿ. ಅಂಕ ಕೊಟ್ಟವರು ಇವರು.

ಮಾರನೇ ಬೆಳಿಗ್ಗೆ ಸಿಂಚನಾ ನಮ್ಮನ್ನು ಒಂದು ಸಣ್ಣ ಹೋಟೆಲಿಗೆ ಟೀಗೆ ಕರೆದಳು. ರುದ್ರಪ್ಪನವರು ತಲೆನೋವೆಂದು ರೂಮಿನಲ್ಲೇ ಮಲಗಿದ್ದರು. ಪ್ರದೀಪ ಬಂದ. ನಾನು ಆ ವಿಷಯ ಮಾತ್ರ ಬರದಿರಲಿ ಅಂತ ಬೇರೆ ಏನೇನೋ ಕೇಳಿದೆ.

"ಅಲ್ಲ ಕಣೇ, ಅಲ್ಲಿ ಏನಾದ್ರೂ ಮೋಸ ಗೀಸ ಇರುತ್ತಾ?"

"ಮೋಸ ಮಾಡೋ ಅಗತ್ಯಾನೇ ಇಲ್ಲ ಅತ್ತೆ. ಆಟದ ಲೆಕ್ಕಾನೇ ಸ್ವಲ್ಪ ನಮ್ ಕಡೆಗೆ ವಾಲ್ಕೊಂಡಿರುತ್ತೆ. ಒಂದಾಟದಲ್ಲಿ ಯಾರು ಬೇಕಾದ್ರೂ ಗೆಲ್ತಾರೆ. ಎದ್ದೋದ್ರೆ ನಮ್ಗೆ ಲಾಸು. ಕೂತೇ ಇದ್ರೆ ನಮ್ಗೆ ಲಾಭ. ಅದಕ್ಕೇ ಊಟ, ಜ್ಯೂಸು, ಕುಷನ್ನು."

"ಮತ್ತೆ ಜನಕ್ಕೆ ಗೊತ್ತಾಗಲ್ವಾ?"

"ಎಲ್ಲರಿಗೂ ಗೊತ್ತು. ತಾನು ಮಾತ್ರ ಬೇರೆ ಅಂತ ಒಬ್ಬೊಬ್ಬರೂ ಅಂದ್ಕೊಂಡಿರ್ತಾರೆ."

ಯಂತ್ರದ ಮುಂದೆ ಕೂತ ನನ್ನ ನೆನಪಾಗಿ ನಾನು ಟೀ ಕುಡಿದೆ.

ಪ್ರದೀಪ ಅಷ್ಟು ಹೊತ್ತೂ ಲೋಟ ತಿರುಗಿಸುತ್ತಿದ್ದ. ಕೊನೆಗೆ ಹೇಳಿದ. "ಸಿಂಚನಾ, ದೊಡ್ಡಪ್ಪ ನಿನ್ನೆ ಏನೋ ಅವಸರದಲ್ಲಿ ಅಂದ್ಬುಟ್ರು. ಮನಸ್ಸಿಗೆ ಹಚ್ಕೋಬೇಡಿ."

"ಅವರು ಅವಸರದಲ್ಲಿ ಅಂದ್ರು. ನಿಜ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ನಿಧಾನವಾಗಿ ಯೋಚ್ನೆ ಮಾಡಿ ಸುಮ್ನಿದ್ರಿ."

ಪ್ರದೀಪ ಲೋಟ ಕೆಳಗಿಟ್ಟ. ಕೆಟ್ಟ ಹುಡುಗನಲ್ಲ. ಶೋರೂಮಿನಲ್ಲಿ ಗಿರಾಕಿಗಳ ಮುಂದೆ ಚೆನ್ನಾಗಿಯೇ ಮಾತಾಡುತ್ತಾನಂತೆ. ಆದರೆ ಮದುವೆಯಾದ ಮೇಲೆ ಆ ಮನೆಯಲ್ಲಿ ದಿನಕ್ಕೊಂದು ಸಲ ಅವನು ಬಾಯಿ ತೆರೆಯಬೇಕಾದ ಸಂದರ್ಭ ಬರುತ್ತದೆ. ಪ್ರತಿ ಸಲವೂ ಅವನು ಕಾರ್ಪೆಟ್ ನೋಡಿದರೆ?

ಅವಳು ಎದ್ದು ಟೀಯ ಬಿಲ್ ಕೊಟ್ಟಳು. ಅವನಿಗೆ ಕೈ ಕೊಟ್ಟು "ಒಳ್ಳೇದಾಗ್ಲಿ" ಎಂದಳು. ಹೊರಗೆ ಬಂದು ಆಟೋ ಹತ್ತುವಾಗ ಮಾತ್ರ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. "ನಂಗೆ ಇಷ್ಟ ಆಗಿದ್ರು ಅತ್ತೆ" ಎಂದಳು. ಸುಮ್ಮನೆ ಅವಳ ಕೈ ಸವರಿದೆ.

ಊರಿಗೆ ಬಂದ ಮೇಲೆ ಕತೆ ಎರಡಾಯಿತು. ಗುಬ್ಬಿಯ ಕತೆಯಲ್ಲಿ ರುದ್ರಪ್ಪನವರು ಹುಡುಗಿಯ ಕೆಲಸದ ಜಾಗಕ್ಕೇ ಹೋಗಿ, ಕಣ್ಣಾರೆ ನೋಡಿ, ಅಂಥ ಕೊಳಕು ಜಾಗದ ಸಂಬಂಧ ನಮ್ಮ ಮನೆತನಕ್ಕೆ ಬೇಡ ಎಂದು ಖಡಾಖಂಡಿತ ಹೇಳಿ ಬಂದರು. ಈ ಕತೆಯನ್ನು ಅವರು ಎಲ್ಲಿ ಕೂತು ಹೇಳುತ್ತಿದ್ದಾರೆ ಗೊತ್ತೇ? ಕ್ಲಬ್ಬಿನಲ್ಲಿ. ಎಲೆ ಹಂಚುತ್ತಾ.

ಕುಣಿಗಲ್‌ನ ಕತೆ ಬೇರೆ. ಶಿವಣ್ಣ ಬಂದವನೇ ಬೀದಿಯಲ್ಲಿ ಸಿಕ್ಕವರಿಗೆಲ್ಲ "ನೇವಿ ಅಲ್ಲ ಕಣ್ರಪ್ಪ, ಕ್ಯಾಸಿನೋ" ಎಂದು ಹೇಳತೊಡಗಿದ. ಶಾಲೆಗೂ ಹೋಗಿ, ತಪ್ಪು ತಿಳುವಳಿಕೆಯಾಗಿದೆ ಎಂದು ಶಾಲು ವಾಪಸ್ ಕೊಟ್ಟ. ಅವನ ಹೆಂಡತಿ ಹೆದರಿ ನನಗೆ ಫೋನ್ ಮಾಡಿದಳು, ಇನ್ನು ಬೀದಿಯಲ್ಲಿ ತಲೆಯೆತ್ತುವುದು ಹೇಗೆ ಅಂತ. ಬೀದಿ ಏನು ಮಾಡಿತು? ಸಂಜೆಯಾಗುವುದರೊಳಗೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು, ದನಿ ತಗ್ಗಿಸಿ, ಪಾಸ್ ಏನಾದರೂ ಸಿಗುತ್ತದಾ ಎಂದು ಕೇಳಿಹೋದರು. ನೇವಿಯಲ್ಲಿದ್ದಾಗ ಒಬ್ಬರೂ ಬಂದಿರಲಿಲ್ಲ.

ಮೊನ್ನೆ ಭಾನುವಾರ ಶಿವಣ್ಣ ನಮ್ಮ ಮನೆಯಲ್ಲಿದ್ದಾಗ ಊರ್ಡಿಗೆರೆ ಕಡೆಯ ಒಬ್ಬ ಯಜಮಾನರು ಸಂಬಂಧದ ವಿಷಯಕ್ಕೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದ. ಜಾತಕ, ಗೋತ್ರ, ಬಣ್ಣ, ಎತ್ತರ ಎಲ್ಲ ಮುಗಿದು ಆ ಪ್ರಶ್ನೆ ಬಂತು. ಹುಡುಗಿ ಏನು ಕೆಲಸ ಮಾಡ್ತಾಳೆ?

ನಾನು ಅವತ್ತು ಶಿವಣ್ಣ ನೋಡಿದ ಹಾಗೆ ಫ್ಯಾನ್ ನೋಡಿದೆ. ಶಿವಣ್ಣ ನೋಡಲಿಲ್ಲ.

"ಗೋವಾದಲ್ಲಿ, ಕ್ಯಾಸಿನೋದಲ್ಲಿ ಇಸ್ಪೀಟ್ ಹಾಕ್ತಾಳೆ ಸ್ವಾಮಿ" ಎಂದ. ಆಮೇಲೆ ಬಹಳ ಮರ್ಯಾದೆಯಿಂದಲೇ ಕೇಳಿದ:

"ನಿಮ್ಮನೇಲಿ ಆಡೋರು ಯಾರ್ಯಾರವ್ರೆ?"